ರೋಮಿನ ಮೇಣದ ಮುಖಗಳು, ಗುರುಮಠದ ಅಡುಗೆಮನೆ

ಮಾಸ್ತರರೇ,

ನೀವು ಹೋಗಿ ನಾಲ್ಕು ತಿಂಗಳಾಯಿತು, ನಿಮ್ಮ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಯಾಕೆ ಮಾಡಬಾರದು? ರೋಮಿನ ಮಹಾಕಾವ್ಯಗಳ ಹಿನ್ನೆಲೆ ಕುರಿತು ಅರವತ್ತು ಪುಟದ ಒಂದು ಪುಸ್ತಿಕೆ ಬರೆಯಲು ಹೊರಟಿರಿ. ನಾಲ್ಕು ಅಧ್ಯಾಯ ನನ್ನಿಂದ ಟೈಪ್ ಮಾಡಿಸಿದಿರಿ. ಐದನೆಯದನ್ನು ಹಳದಿ ಹಾಳೆಯ ಪ್ಯಾಡುಗಳಲ್ಲಿ ಗೀಚಿ, ಆ ಪ್ಯಾಡುಗಳನ್ನು ಹ್ಯೂಸ್ಟನ್ನಿನ ಮಗಳ ಮನೆಯಲ್ಲಿ ಬಿಟ್ಟಿರಿ. ನಿಮ್ಮ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿಟ್ಟು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹೊರಟುಬಿಟ್ಟಿರಿ. ಉಳಿದವರು ಏನು ಮಾಡಬೇಕು ಅಂತ...

ಆಸ್ಟಿನ್‌ನಲ್ಲಿ ನಿಮ್ಮನ್ನು ಮೊದಲು ಕಂಡ ಯುಗಾದಿ ಕಾರ್ಯಕ್ರಮ ನೆನಪಾಗುತ್ತದೆ. ಸಭಾಂಗಣದ ಬಾಗಿಲಲ್ಲಿ, ಚಪ್ಪಲಿ ರಾಶಿಯ ಪಕ್ಕ ನಿಂತು ನಾನೇ ಬರೆದ ಕರಪತ್ರ ಹಂಚುತ್ತಿದ್ದೆ. ಗದಗಿನ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಹೋರಾಟದ ಪುಸ್ತಿಕೆಗಳಿಂದಲೇ ನನ್ನ ಓದು ಶುರುವಾದದ್ದು. ಚಿಪ್ ತಯಾರಿಕೆ ಕಲಿಯಲು ಟೆಕ್ಸಸ್ಸಿಗೆ ಬಂದರೂ ಆ ಚಟ ಬಿಟ್ಟಿರಲಿಲ್ಲ. ‘ರೋಮಿನ ಮಹಾಕಾವ್ಯವೆಂದರೆ ಚಕ್ರವರ್ತಿ ಕೊಡಿಸಿದ ಜಾಹೀರಾತು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಉಳಿದವರೆಲ್ಲ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ನೀವೊಬ್ಬರೇ ಕೆಂಪು ಪೆನ್ನು ತೆಗೆದು ನಿಂತಲ್ಲೇ ಓದಿದಿರಿ.

“ಇದನ್ನ ಎಲ್ಲಿ ಓದಿದೆಯಮ್ಮ?”

“ಒಂದು ಪುಸ್ತಿಕೆಯೊಳಗ ಓದೀನ್ರಿ.”

“ಎಷ್ಟು ಪುಟದ್ದು?”

“ಹದಿನಾರು.”

“ಅದಕ್ಕೇ ಮತ್ತೆ. ಹದಿನೇಳನೇ ಪುಟದಲ್ಲಿ ಇದ್ದದ್ದು ನಿಂಗೆ ಸಿಗಲಿಲ್ಲ.”

ನನಗೆ ಮೈಯೆಲ್ಲ ಉರಿದಿತ್ತು. ನೀವು ಬಿಡಲಿಲ್ಲ. “ಚಕ್ರವರ್ತಿ ಅನ್ನೋನು ಬರೋದಕ್ಕೆ ಇನ್ನೂರು ವರ್ಷ ಮುಂಚೆ ಅಲ್ಲಿ ಒಬ್ಬ ಕಾವ್ಯ ಬರೆದನಲ್ಲ, ಅವನಿಗೆ ಜಾಹೀರಾತಿನ ಕೆಲಸ ಕೊಟ್ಟೋರು ಯಾರು?” ಎಂದಿರಿ. ಇಟಲಿಯ ದಕ್ಷಿಣದ ಊರಿನಿಂದ ಯುದ್ಧದಲ್ಲಿ ಸೆರೆಸಿಕ್ಕು ಬಂದ ಗ್ರೀಕ. ಗುಲಾಮನಾಗಿದ್ದು, ಬಿಡುಗಡೆಯಾಗಿ, ಧಣಿಗಳ ಮಕ್ಕಳಿಗೆ ಪಾಠ ಹೇಳಿದವನು ಎಂದು ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ಪಾಠಕ್ಕೆ ಇಡಲು ಒಂದು ಕಾವ್ಯವೂ ಇರಲಿಲ್ಲ. ತನ್ನ ಭಾಷೆಯ ಸಮುದ್ರಯಾನದ ಕಥೆಯನ್ನು ಅವನು ಅವರ ಹಳೆಯ ಹಾಡುಮಟ್ಟಿಗೆ ತಂದ. “ರೋಮಿನ ಮೊದಲ ಮಹಾಕಾವ್ಯ ಒಂದು ಪಠ್ಯಪುಸ್ತಕ ಕಣಮ್ಮ. ಬರೆದೋನು ಪರಭಾಷೆಯವನು, ಮೇಷ್ಟ್ರು. ನನ್ನ ಥರ.” ಡಾಲಸ್ ಪಕ್ಕದ ಲೂಯಿಸ್‌ವಿಲ್ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಅಮೆರಿಕದ ಮಕ್ಕಳಿಗೆ ಲ್ಯಾಟಿನ್ ಕಲಿಸಿ ನಿವೃತ್ತರಾದ ಇನ್ನಾಸಪ್ಪ ನೀವೇ ಎಂದು ತಿಳಿದದ್ದು ಆಗ. ಅಂದಿನಿಂದ ನೀವು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. “ಏನಮ್ಮಾ ಕರಪತ್ರ, ಊಟ ಆಯ್ತಾ?”

ನಿಮ್ಮ ಶನಿವಾರದ ಪಾಠ ನೆನೆದರೆ ಈಗಲೂ ನಗು ಬರುತ್ತದೆ. ನಾವು ನಾಲ್ವರು ವಿದ್ಯಾರ್ಥಿಗಳು, ನಿಮ್ಮ ಊಟದ ಮೇಜು. ಯಾರಿಗೂ ಲ್ಯಾಟಿನ್ ಬಾರದು. “ಪ್ರಸ್ತಾರ ಹಾಕೋಕೆ ಬರುತ್ತೋ ಇಲ್ವೋ?” ಎಂದು ಗದರಿದಿರಿ. ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ಗುರು ಲಘು ಟೆಕ್ಸಸ್ಸಿನಲ್ಲಿ ಕೆಲಸಕ್ಕೆ ಬಂತು! ರೋಮಿನವರ ಒಂದು ಸಾಲಿನಲ್ಲಿ ಆರು ಗಣ, ಗಣಕ್ಕೆ ನಾಲ್ಕು ಮಾತ್ರೆ. ನಮಗೋ ನಾಲ್ಕು ಮಾತ್ರೆ ಎಂದರೆ ಹೇಗೆ ಮುರಿದರೂ ನಾಲ್ಕು. ಲಘು, ಗುರು, ಲಘು ಎಂದು ನಡುವೆ ಗುರು ಕೂರಿಸಿ ನಾನು ಸಾಲು ಕಟ್ಟಿದಾಗ ನೀವು ಹಣೆ ಚಚ್ಚಿಕೊಂಡಿರಿ. “ಅಯ್ಯೋ, ಅವರು ಗುರುವಿನಿಂದಲೇ ಹೆಜ್ಜೆ ಇಡಬೇಕಮ್ಮ! ನಿನ್ನ ಥರ ಎಲ್ಲೆಂದರಲ್ಲಿ ನುಗ್ಗೋ ಹಾಗಿಲ್ಲ.” ಎಲ್ಲರೂ ತಾಳಕ್ಕೆ ಮೇಜು ತಟ್ಟಿದರೆ ನೀವು ಮಾತ್ರ ಅಂಗೈಯನ್ನು ಮೇಜಿನ ಮೇಲಿಟ್ಟು ಗುಂಡಗೆ ಸುತ್ತಿಸುತ್ತಿದ್ದಿರಿ. ಅದೇನು ತಾಳ ಎಂದು ಕೇಳಿದರೆ, “ನಮ್ಮ ಕಡೆ ಹೀಗೇ” ಎಂದಿರಿ. ಯಾರ ಕಡೆ ಹೀಗೆ, ಮಾಸ್ತರರೇ? ಅಂದೇ ಹೇಳಬಹುದಿತ್ತಲ್ಲ?

ಮೂರನೆಯ ಅಧ್ಯಾಯಕ್ಕೆ ನಾವು ಮೂರು ವಾರ ಜಗಳಾಡಿದ್ದೆವು. ಮಹಾಕಾವ್ಯ ಬರುವ ಮೊದಲು ರೋಮಿನಲ್ಲಿ ಏನಿತ್ತು ಎಂಬ ಅಧ್ಯಾಯ ಅದು. ಹಬ್ಬದೂಟದಲ್ಲಿ ಹಿರಿಯರ ಸಾಹಸ ಹಾಡುತ್ತಿದ್ದರಂತೆ, ಆ ಹಾಡುಗಳಲ್ಲಿ ಒಂದೂ ಉಳಿದಿಲ್ಲ. ದೊಡ್ಡ ಮನೆಗಳಲ್ಲಿ, ಪದವಿ ಹಿಡಿದು ಸತ್ತ ಹಿರಿಯರ ಮುಖಗಳನ್ನು ಮೇಣದಲ್ಲಿ ಮಾಡಿ ಗೂಡುಗಳಲ್ಲಿ ಇಡುತ್ತಿದ್ದರು. ಮನೆಯಲ್ಲಿ ಸಾವಾದಾಗ ನಟರು ಆ ಮುಖ ತೊಟ್ಟು ಮೆರವಣಿಗೆಯಲ್ಲಿ ನಡೆಯುವರು. ಮಗ ನಿಂತು ವಂಶವನ್ನು ಹೊಗಳುವನು. ಹೊಗಳುವ ಭರದಲ್ಲಿ ಇಲ್ಲದ ಗೆಲುವು, ಇಲ್ಲದ ಪದವಿ ಎಲ್ಲವೂ ಸೇರಿ, ನಮ್ಮ ಮೂಲಪುರುಷ ಟ್ರಾಯ್ ಪಟ್ಟಣದಿಂದಲೇ ಬಂದವನು ಎನ್ನುವವರೆಗೆ ಹೋಗುತ್ತಿತ್ತು. ಇಂಥ ಭಾಷಣಗಳಿಂದ ಚರಿತ್ರೆಯೇ ಕೆಟ್ಟಿತು ಎಂದು ರೋಮಿನವರೇ ದೂರಿದ್ದಾರೆ. ಮಹಾಕಾವ್ಯ ಬೆಳೆದದ್ದು ಈ ಮಣ್ಣಿನಲ್ಲಿ. ನಾನು ‘ಈ ಸುಳ್ಳುಗಾರರು’ ಎಂದು ಟೈಪ್ ಮಾಡಿದ್ದೆ. ನೀವು ಅದನ್ನು ಹೊಡೆದು, ಮೇಲೆ ಕೆಂಪಕ್ಷರದಲ್ಲಿ ‘ಮನೆಯವರು’ ಎಂದು ಬರೆದಿರಿ. ನಾನು ಮತ್ತೆ ಸುಳ್ಳುಗಾರರು ಎಂದೆ, ನೀವು ಮತ್ತೆ ಮನೆಯವರು ಎಂದಿರಿ. ಕೊನೆಗೆ ಸೋತದ್ದು ನಾನು.

ಡಾಲಸ್ ಬಸ್ ನಿಲ್ದಾಣದಿಂದ ಒಮ್ಮೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಿರಿ. ಹೆದ್ದಾರಿಯಲ್ಲಿ ವಾಹನಗಳು ಅಲ್ಲಾಡದೆ ನಿಂತಿದ್ದವು. “ಲ್ಯಾಟಿನ್ ಹೆಂಗ್ರಿ ಹತ್ತಿತು ನಿಮಗ?” ಎಂದು ಕೇಳಿದೆ. “ಮೈಸೂರು ಕಡೆ ಒಂದು ಗುರುಮಠ. ಪಾದ್ರಿ ಆಗೋರಿಗೆ ಅಲ್ಲಿ ಪಾಠ. ನಮ್ಮಪ್ಪ ಅಲ್ಲಿ ಅಡುಗೆಯವರು. ನಾನು ಪಾಠದ ಕೋಣೆ ಕಿಟಕಿ ಕೆಳಗೆ ಕೂತು ಕೇಳಿಸ್ಕೊಳ್ತಿದ್ದೆ. ಒಬ್ಬ ಮುದಿ ಸ್ವಾಮಿ ನೋಡಿ ಒಳಗೆ ಕರೆದರು” ಎಂದಿರಿ. ನನಗೆ ಆದ ಸಂತೋಷ ಎಷ್ಟು! ಅಡುಗೆಯವನ ಮಗ, ಕಿಟಕಿಯ ಕೆಳಗೆ, ಕದ್ದು ಕೇಳಿದ ವಿದ್ಯೆ. ನನ್ನ ಎಲ್ಲ ಪುಸ್ತಿಕೆಗಳು ಹೇಳಿದ್ದು ಕಣ್ಣೆದುರು ಸ್ಟೇರಿಂಗ್ ಹಿಡಿದು ಕುಳಿತಿತ್ತು. “ನಿಮ್ಮವ್ವರು?” ಎಂದೆ. “ಇದ್ದಳು” ಎಂದು ಏಸಿ ಜೋರು ಮಾಡಿದಿರಿ. ನಾನು ಮತ್ತೆ ಕೇಳಲಿಲ್ಲ. ಕೇಳಬೇಕು ಅನ್ನಿಸಲೇ ಇಲ್ಲ, ಅದು ನನ್ನ ತಪ್ಪು. ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು.

ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಿಮ್ಮ ಶ್ರದ್ಧಾಂಜಲಿ ಸಭೆ ನಡೆಯಿತು. ನಿಮ್ಮ ದೊಡ್ಡ ಫೋಟೋ, ಹೂವು, ಹಿಂದೆ ಇಡ್ಲಿ ಪಾತ್ರೆಗಳು. ಪಕ್ಕದ ಊರು ಪ್ರಾಸ್ಪರಿನ ಅಂಕಲ್ ಮೈಕ್ ಹಿಡಿದರು. ಕನ್ನಡ ಸಂಘದ ಎಲ್ಲ ಸಭೆಗಳಲ್ಲಿ ಮೊದಲು ಮಾತಾಡುವವರು ಅವರೇ, ನಿಮಗೆ ಗೊತ್ತಲ್ಲ. “ಇನ್ನಾಸಪ್ಪನವರದು ವಿದ್ವಾಂಸರ ಮನೆತನ. ಅವರ ತಂದೆಯವರು ಗುರುಮಠದ ಆಡಳಿತಾಧಿಕಾರಿಗಳು. ಮನೆಯಲ್ಲಿ ಊಟದ ಹೊತ್ತಿಗೂ ಲ್ಯಾಟಿನ್ನೇ ಆಡುತ್ತಿದ್ದರಂತೆ” ಎಂದರು. ಜನ ತಲೆದೂಗಿದರು. ನಮ್ಮ ಮೂರನೆಯ ಅಧ್ಯಾಯ ಪಂಚೆ ಉಟ್ಟುಕೊಂಡು ಎದುರಿಗೆ ನಿಂತಂತಾಯಿತು ನನಗೆ. ಹೇಗೆ ಸುಮ್ಮನಿರಲಿ?

“ಸುಳ್ಳ್ರೀ ಅದು!” ಎಂದು ಎದ್ದು ನಿಂತೆ. “ಅವರಪ್ಪ ಅಡಗಿ ಮಾಡ್ತಿದ್ದರು. ಕಾರಿನೊಳಗ ಅವರೇ ನನಗ ಹೇಳ್ಯಾರ. ಅಡಗಿಯವರ ಮಗಾ ಅನ್ನಾಕ ನಿಮಗ ಯಾಕ್ರಿ ನಾಚಿಕಿ?”

ಹಿಂದೆ ಯಾರದೋ ಕೈಯಿಂದ ಚಮಚ ಬಿದ್ದ ಸದ್ದು. ಅಂಕಲ್ ಕೆಮ್ಮಿ, “ಯುವಜನರ ಭಾವನೆ...” ಎಂದು ಏನೋ ಹೇಳಿ ಎರಡು ನಿಮಿಷ ಮೌನಾಚರಣೆ ಮಾಡಿಸಿಬಿಟ್ಟರು. ನಾನು ಇಡ್ಲಿ ಮುಟ್ಟದೆ ಹೊರಬಿದ್ದೆ. ಕಾರುಗಳ ನಡುವೆ ನಿಮ್ಮ ಮಗಳು ಶೀಲಾ ಓಡಿಬಂದು ಅಡ್ಡ ನಿಂತರು.

“ಶಾಹೀನ್, ಇದು ನನ್ನ ಡ್ಯಾಡ್ ಮೆಮೋರಿಯಲ್. ನಿನ್ನ ಪ್ರೊಟೆಸ್ಟ್ ಅಲ್ಲ. ತಾತ ಆಫೀಸ್ ನೋಡ್ಕೊಳ್ತಿದ್ರು ಅಂತ ಡ್ಯಾಡೇ ನಂಗೆ ಹೇಳಿದ್ದು. ಅಂಕಲ್‌ಗೆ ನಾನೇ ಹೇಳಿದ್ದು.”

“ಹಂಗಾರ ನಿಮಗ ಸುಳ್ಳು ಹೇಳ್ಯಾರ್ರಿ.”

“ಓಕೆ. ಪ್ಯಾಡ್ಸ್ ನನ್ನ ಹತ್ರ ಇದೆ. ಬುಕ್ ಬರಲ್ಲ. ದಟ್ಸ್ ಇಟ್.”

ಹೀಗೆ ನಿಮ್ಮ ಪುಸ್ತಿಕೆ ನಿಂತಿತು. ನಿಮ್ಮ ಜೀವಮಾನದ ಒಂದೇ ಪುಸ್ತಕ. ಅದನ್ನು ಮುಗಿಸುತ್ತೇನೆಂದು ಆ ಕೊನೆಯ ಬೆಳಿಗ್ಗೆ ಆಸ್ಪತ್ರೆಯಿಂದಲೂ ನನಗೆ ಸಂದೇಶ ಕಳಿಸಿದ್ದಿರಿ. ಅದನ್ನು ನಿಲ್ಲಿಸಿದವಳು ನಾನು, ಸತ್ಯ ಹೇಳಿದ ಹೆಮ್ಮೆಯಲ್ಲಿ.

ಎರಡು ವಾರ ತಡೆದು, ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ನನ್ನ ತರಬೇತಿಗೆ ಒಂದು ದಿನ ರಜೆ ಹಾಕಿ, ಹ್ಯೂಸ್ಟನ್ನಿಗೆ ಹೋದೆ. ಕ್ಷಮೆ ಕೇಳಲು ಅಲ್ಲ, ಪ್ಯಾಡು ಕೇಳಲು. ಶೀಲಾ ಬಾಗಿಲು ತೆರೆದು, ಕಾಫಿ ಕೊಟ್ಟು, ಒಂದು ಷರತ್ತು ಇಟ್ಟರು. ಲೇಖಕರ ಪರಿಚಯದ ಪುಟದಲ್ಲಿ ತಂದೆ ಆಡಳಿತಾಧಿಕಾರಿ ಎಂದು ಹಾಕುವುದಾದರೆ ಪ್ಯಾಡು ಕೊಡುತ್ತೇನೆ. ನಾನು, ಅಡುಗೆಯವರು ಎಂದು ಹಾಕದಿದ್ದರೆ ಪುಸ್ತಕವೇ ಬೇಡ ಎಂದೆ. ಅವರು ಇಂಗ್ಲಿಷಿನಲ್ಲಿ ಕೂಗಿದರು, ನಾನು ಗದಗಿನ ಕನ್ನಡದಲ್ಲಿ ಕೂಗಿದೆ. ಕಾಫಿ ಆರಿತು. ಕೊನೆಗೆ ಅವರೇ ಫೋನ್ ತೆಗೆದರು. “ಫೈನ್. ಮಂಡ್ಯದ ಅತ್ತೆಗೆ ಕೇಳೋಣ. ಅವರಿಗೆ ಗೊತ್ತಿರುತ್ತೆ.”

ನಿಮ್ಮ ಅಕ್ಕ ಜಪಮಾಲಮ್ಮ ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಆಗಷ್ಟೇ ಬಂದಿದ್ದರು. ಇಲ್ಲಿ ನಮಗೆ ರಾತ್ರಿಯೂಟದ ಹೊತ್ತು. ಶೀಲಾ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದ್ದು ಅವರಿಗೆ ತಿಳಿಯಲಿಲ್ಲ. ನಾನು ಮತ್ತೆ ಕೇಳಿದೆ.

“ಅಡುಗೆನಾ? ನಮ್ಮಪ್ಪನಾ?” ಎಂದು ಅವರು ನಕ್ಕ ನಗು ಫೋನಿನಲ್ಲಿ ಒಡೆದುಹೋಯಿತು. “ಅವನಿಗೆ ಒಲೆ ಹಚ್ಚಾಕೂ ಬತ್ತಿರ್ಲಿಲ್ಲ ಕಣವ್ವ. ಇನ್ನಾಸಿ ಇನ್ನೂ ಮೊಲೆ ಕುಡೀತಿದ್ದ, ಆಗಲೇ ಚಿನ್ನದ ಗಣಿ ಕೆಲಸಕ್ಕೆ ಹೋಯ್ತೀನಿ ಅಂತ ಹೋದೋನು, ತಿರುಗಿ ಬರ್ಲಿಲ್ಲ. ಅಡುಗೆ ಮಾಡ್ತಿದ್ದೋಳು ನಮ್ಮವ್ವ. ಚೌರಮ್ಮ.”

ಶೀಲಾ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ಮತ್ತ ಅಪ್ಪನ ಕೆಲಸ ಅಡಗಿ ಅಂತ ಮಾಸ್ತರು ಯಾಕ ಹೇಳ್ತಿದ್ದರ್ರೀ?”

“ಇಸ್ಕೂಲಿಗೆ ಸೇರಿಸಾಕೆ ಹೋದಾಗ ಕೇಳವ್ರೆ, ತಂದೆ ಹೆಸರೇನು, ತಂದೆ ಉದ್ಯೋಗ ಏನು ಅಂತ. ಬುಟ್ಟೋಗವ್ನೆ ಅಂದ್ರೆ ಐಕ್ಳು ಆಡ್ಕೊತವೆ. ನಮ್ಮವ್ವ ಅಂದ್ಲು, ‘ಅಡುಗೆ ಅಂತ ಬರ್ಕೊಳಿ ಸೋಮಿ.’ ಅವಳ ಕೆಲಸ ಅವಳು ಹೇಳವ್ಳೆ. ಅದ್ರಾಗೆ ಸುಳ್ಳೇನ್ ಬಂತು?”

ನಾನು ಬಿಡದೆ ಕಿಟಕಿಯ ಕಥೆ ಕೇಳಿದೆ. ಅದನ್ನಾದರೂ ಉಳಿಸಿಕೊಳ್ಳೋಣ ಎಂದು.

“ಕಿಟಕಿ ಕೆಳಗೆ ಇದ್ದೋಳೂ ಅವ್ವನೇ ಕಣವ್ವ. ಪಾತ್ರೆ ಉಜ್ಜೋ ಜಾಗ ಅದು. ಒಳಗೆ ಆ ಐಕ್ಳು ಲ್ಯಾಟಿನ್ ಪದ ಹೇಳೋವು, ಇವಳು ಕೇಳಿಸ್ಕೊಂಡು ಬಂದು ರಾಗಿ ಬೀಸುವಾಗ ಅದನ್ನೇ ಹೇಳೋಳು. ಕಲ್ಲು ತಿರುಗ್ದಂಗೆ ಪದ. ಅರ್ಥ ಆ ದೇವರಿಗೇ ಗೊತ್ತು. ಇನ್ನಾಸಿ ಕಲ್ತಿದ್ದು ಆ ಕಲ್ಲಿನ ಪಕ್ಕ ಮಲಗಿ. ಮುದಿ ಸ್ವಾಮಿ ಕೇಳಿದ್ದೂ ಅವ್ವನ ದನಿನೇ. ಆದ್ರೆ ಗಂಡುಸ್ರ ಮಠದಾಗೆ ಹೆಂಗ್ಸನ್ನ ಪಾಠಕ್ಕೆ ಕೂರ್ಸಾಕಾದದಾ? ಮಗನ್ನ ಕಳಿಸು ಅಂದ್ರು. ಕಳಿಸಿದ್ಲು.”

ಫೋನ್ ಇಟ್ಟ ಮೇಲೆ ಶೀಲಾ ಅಡುಗೆಮನೆಯ ನೆಲದ ಮೇಲೇ ಕುಳಿತರು. “ಸೋ ನಂಗೆ ಒಬ್ಬ ಅಜ್ಜಿ ಇದ್ದರು” ಎಂದರು. “ಐ ಡಿಡ್ನ್ಟ್ ಈವನ್ ನೋ ಹರ್ ನೇಮ್.” ನಾನು ನನಗೇ ಗೊತ್ತಿಲ್ಲದೆ ಅವರ ಕಲ್ಲಿನ ಕಟ್ಟೆಯ ಮೇಲೆ ಅಂಗೈಯನ್ನು ಗುಂಡಗೆ ಸುತ್ತಿಸುತ್ತಿದ್ದೆ. ಗುರು, ಲಘು, ಲಘು. ಬೀಸುವ ಕಲ್ಲು, ಮಾಸ್ತರರೇ. ಮೂರು ವರ್ಷ ನಮ್ಮೆದುರು ಬೀಸಿದಿರಿ, ಒಂದು ದಿನವೂ ಹೇಳಲಿಲ್ಲ!

ಈಗ ಹೇಳಿ, ಸಿಟ್ಟು ಬರಬಾರದೇ? ಗುಲಾಮ ಮೇಷ್ಟ್ರಿಗೆ ಎರಡನೆಯ ಅಧ್ಯಾಯ ಪೂರ್ತಿ ಕೊಟ್ಟಿರಿ. ಸಮುದ್ರಯುದ್ಧದಲ್ಲಿ ತಾನೇ ಕಾದಾಡಿ ಬಂದು ಅದನ್ನೇ ಕಾವ್ಯ ಮಾಡಿದ ಸೈನಿಕನನ್ನು ಬಿಡಲಿಲ್ಲ. ಮೂರು ಭಾಷೆ ಬರುತ್ತದೆ, ಆದ್ದರಿಂದ ನನಗೆ ಮೂರು ಹೃದಯ ಎಂದವನನ್ನು ಕೊಂಡಾಡಿದಿರಿ. ‘ಮೇಣದ ಗೂಡುಗಳಲ್ಲಿ ಹೆಂಗಸರ ಮುಖ ಒಂದೂ ಇರಲಿಲ್ಲ’ ಎಂದು ನೀವೇ ಬರೆದಿರಿ, ನಾನೇ ಟೈಪ್ ಮಾಡಿದೆ. ಅದನ್ನು ಬರೆಯುವಾಗ ನಿಮ್ಮ ಅವ್ವ ನೆನಪಾಗಲಿಲ್ಲವೇ? ಮಗಳಿಗೆ ಆಡಳಿತಾಧಿಕಾರಿ ತಾತನನ್ನು ಕೊಟ್ಟಿರಿ. ನನಗೆ, ನನ್ನ ಪುಸ್ತಿಕೆಗಳಿಗೆ ಒಪ್ಪುವಂತೆ, ಅಡುಗೆಯ ಅಪ್ಪನನ್ನು ಕೊಟ್ಟಿರಿ. ಯಾರಿಗೆ ಏನು ರುಚಿಸುತ್ತದೆಂದು ನಿಮಗೆ ಗೊತ್ತಿತ್ತು. ನಾನೂ ಚಪ್ಪರಿಸಿಕೊಂಡು ತಿಂದೆ. ನೂರು ಜನರೆದುರು ಸತ್ಯವೆಂದು ಕೂಗಿದ್ದು ಸತ್ಯವಾಗಿರಲಿಲ್ಲ. ಪ್ರಾಸ್ಪರಿನ ಅಂಕಲ್‌ಗೂ ನನಗೂ ಏನು ವ್ಯತ್ಯಾಸ? ಅವರು ಕೈಮುಗಿದು ಹೇಳಿದರು, ನಾನು ಬೆರಳು ತೋರಿಸಿ ಹೇಳಿದೆ. ಅವರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. “ಬಿಡಮ್ಮ, ಅದೆಲ್ಲ ಇದ್ದದ್ದೇ. ಇಡ್ಲಿ ತಿನ್ನದೆ ಹೋದೆಯಲ್ಲ, ನಿಮ್ಮ ಆಂಟಿಗೆ ಅದೇ ಬೇಜಾರು” ಎಂದರು. ಇಂಥವರ ಜೊತೆ ಹೇಗೆ ಹೋರಾಡುವುದು ಹೇಳಿ.

ಅಂದೇ ಶೀಲಾ ಹಳದಿ ಪ್ಯಾಡುಗಳನ್ನು ತಂದು ಮೇಜಿನ ಮೇಲಿಟ್ಟರು. ಕೊನೆಯ ಅಧ್ಯಾಯದಲ್ಲಿ, ಗ್ರೀಕರ ಆರು ಗಣದ ನಡಿಗೆ ಲ್ಯಾಟಿನ್ನಿಗೆ ಬಂದ ಬಗೆ ಹೇಳುವಲ್ಲಿ, ‘ಈ ನಡಿಗೆಯನ್ನು ನಾನು ಮೊದಲು ಕೇಳಿದ್ದು’ ಎಂದು ಬರೆದು ನಿಲ್ಲಿಸಿದ್ದಿರಿ. ಆಮೇಲೆ ಆ ಸಾಲನ್ನು ಹಾಳೆ ಹರಿಯುವಷ್ಟು ಗಟ್ಟಿಯಾಗಿ ಹೊಡೆದುಹಾಕಿದ್ದಿರಿ. ಇನ್ನೊಂದೇ ಒಂದು ಮಾತು ಬರೆದಿದ್ದರೆ... ಯಾರ ಭಯ ನಿಮಗೆ? ನನ್ನದೋ? ಆಡಿಕೊಳ್ಳುವ ಐಕ್ಳು ಎಲ್ಲಿದ್ದರು, ಲೂಯಿಸ್‌ವಿಲ್‌ನಲ್ಲಿ?

ಪರಿಚಯದ ಪುಟಕ್ಕೆ ನಾವಿಬ್ಬರೂ ಇಡೀ ಭಾನುವಾರ ಕುಳಿತೆವು. ನಾನು ಎರಡು ಪುಟ ಬರೆದೆ, ಸಮಾಜ, ಶೋಷಣೆ ಎಲ್ಲ ಸೇರಿಸಿ. ಶೀಲಾ ಓದಿಸಿ ಕೇಳಿ, “ಇದರಲ್ಲಿ ಅಜ್ಜಿ ಎಲ್ಲಿ? ಬರೀ ನೀನೇ ಇದ್ದೀಯ” ಎಂದರು. ಅದು ನಿಜವಾಗಿತ್ತು. ಕೊನೆಗೆ ಉಳಿದದ್ದು ಇಷ್ಟು: ‘ಈ ಪುಸ್ತಕ ಬರೆದವರು ಇನ್ನಾಸಪ್ಪ. ಇವರ ತಾಯಿ ಚೌರಮ್ಮ ಮೈಸೂರು ಕಡೆಯ ಒಂದು ಗುರುಮಠದಲ್ಲಿ ಅಡುಗೆ ಮಾಡುತ್ತಿದ್ದರು. ಲ್ಯಾಟಿನ್ ಪದ್ಯವನ್ನು ಮಗ ಮೊದಲು ಕೇಳಿದ್ದು ರಾಗಿ ಬೀಸುವಾಗ ತಾಯಿಯ ಬಾಯಲ್ಲಿ ಎಂದು ಅವರ ಅಕ್ಕ ಹೇಳುತ್ತಾರೆ.’ ಆ ಕೊನೆಯ ‘ಹೇಳುತ್ತಾರೆ’ ಎಂಬುದು ನಾನು ಪಟ್ಟು ಹಿಡಿದು ಹಾಕಿಸಿದ್ದು. ಜಪಮಾಲಮ್ಮನೂ ನಿಮ್ಮ ಅಕ್ಕನೇ ತಾನೆ? ನಿಮ್ಮ ಮನೆಯವರನ್ನು ಪೂರ್ತಿ ನಂಬಲು ನನಗಿನ್ನು ಧೈರ್ಯವಿಲ್ಲ.

ಪುಸ್ತಿಕೆ ಬಂದಿದೆ, ಮಾಸ್ತರರೇ. ಹ್ಯೂಸ್ಟನ್ನಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಪುಟ ತೆಗೆಸಿ, ಶೀಲಾ ಮನೆಯ ಊಟದ ಮೇಜಿನ ಮೇಲೆ ನಾವೇ ಮಡಚಿ ಪಿನ್ ಹೊಡೆದೆವು. ಮೂರನೆಯ ಅಧ್ಯಾಯದಲ್ಲಿ ‘ಮನೆಯವರು’ ಎಂದೇ ಉಳಿಸಿದ್ದೇನೆ. ಮೊದಲ ಪ್ರತಿಯನ್ನು ಮಂಡ್ಯಕ್ಕೆ ಕಳಿಸಿದೆವು. ಹೋದ ವಾರ ಜಪಮಾಲಮ್ಮನೇ ವಿಡಿಯೋ ಕರೆ ಮಾಡಿದರು.

“ಪುಸ್ತಕ ಬಂತು ಕಣವ್ವ. ಸಂದಾಗದೆ. ಅವ್ವನ ಹೆಸರಿರೋ ಹಾಳೆ ಕಿತ್ತು ಕಟ್ಟು ಹಾಕಿಸ್ದೆ. ನೋಡು.” ಫೋನನ್ನು ಗೋಡೆಯ ಕಡೆ ತಿರುಗಿಸಿದರು. ಮಾತೆ ಮರಿಯಮ್ಮನ ಪಟದ ಪಕ್ಕ, ಗಾಜಿನ ಹಿಂದೆ, ನಾವು ಅಳೆದು ತೂಗಿ ಬರೆದ ಪರಿಚಯದ ಪುಟ. ಮೇಲೆ ಕನಕಾಂಬರ.

“ಕಿತ್ತಿರೇನ್ರೀ? ಉಳಿದ ಪುಸ್ತಕ?”

“ಅದಾ? ಪಕ್ಕದ್ಮನೆ ಟೀಚರಮ್ಮ ತಗೊಂಡೋದ್ಲು. ಏನೋ ರೋಮಿನ ಸಮಾಚಾರವಂತೆ.”

ಮೂರು ವರ್ಷದ ಕೆಲಸ! ಪುಸ್ತಕದ ಹಾಳೆ ಕೀಳಬಾರದು, ಅದರ ಹಿಂದಿನ ಪುಟದಲ್ಲಿ ಮೊದಲ ಅಧ್ಯಾಯದ ಆರಂಭವಿದೆ ಎಂದು ಹೇಳಲು ಬಾಯಿ ತೆರೆದೆ. “ಇನ್ನೊಂದು ಕಳಿಸ್ಲೇನ್ರಿ?” ಎಂದೆ.

“ಕಳಿಸವ್ವ. ನನ್ನ ಹೆಣ್ಮಕ್ಕಳು ಇಬ್ರೂ ಕೇಳ್ತಾವ್ರೆ, ಅವರ ಗೋಡೆಗೂ ಬೇಕಂತೆ. ಸೊಸೆಗೂ ಒಂದು.”

ನಾಳೆ ಅಂಚೆಗೆ ಹಾಕುತ್ತಿದ್ದೇವೆ. ನಾಲ್ಕು ಪ್ರತಿ. ಪರಿಚಯದ ಹಾಳೆಗೆ ಪಿನ್ ಹೊಡೆಯಬೇಡ, ಬಿಡಿಯಾಗಿಯೇ ಇಡು ಎಂದು ಶೀಲಾ ಹೇಳಿದರು. ಹಾಗೇ ಇಟ್ಟಿದ್ದೇನೆ.

ನಿಮ್ಮ,
ಶಾಹೀನ್